ನಮ್ಮ ಅಸಿಸ್ಟೆಂಟರು

ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಬೆಳಗಿನ ಹೊತ್ತು ಕಾಲು ಗಂಟೆ ನಿಂತರೆ ಯಾರು ಯಾರೆಂದು ಕೇಳದೆಯೇ ತಿಳಿಯುತ್ತದೆ. ಗಂಬೂಟು ಹಾಕಿದವನು ತೋಟದ ಮೇಸ್ತ್ರಿ. ಕಂಕುಳಲ್ಲಿ ಚೆಕ್ಕುರೋಲಿನ ಪುಸ್ತಕ ಸಿಕ್ಕಿಸಿಕೊಂಡವನು ರೈಟರ್. ನಮ್ಮ ಕಡೆ ರೈಟರ್ ಅಂದರೆ ಆಳುಗಳ ಹಾಜರಿ ಬರೆಯುವವನು. ನನ್ನ ಹಾಗೆ ಪತ್ರಿಕೆಗೆ ಬರೆಯುವವನಿಗೆ ಪ್ರತ್ಯೇಕ ಹೆಸರಿಲ್ಲ, ಇಡುವ ಅಗತ್ಯವೂ ಯಾರಿಗೂ ಕಂಡಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸ್ಯಾಂಪಲ್ ಕಾಫಿ ಹಿಡಿದು ಮುಖ ಸಣ್ಣದು ಮಾಡಿಕೊಂಡವನು ಬೆಳೆಗಾರ. ಇವರೆಲ್ಲರ ನಡುವೆ, ಮಳೆಯಿರಲಿ ಚಳಿಯಿರಲಿ, ನೀಲಿ ಟ್ರ್ಯಾಕ್‌ಸೂಟು ತೊಟ್ಟು, ಕೊರಳಿಗೆ ಪೀಪಿ ನೇತುಹಾಕಿಕೊಂಡು, ಸಂತೆಗೆ ಕುಂಬಳಕಾಯಿ ಹೊತ್ತವರ ಹಾಗೆ ಬೆನ್ನಮೇಲೆ ಬಲೆ ತುಂಬ ಚೆಂಡು ಹೊತ್ತು, ಬಲ ಮೊಣಕಾಲನ್ನು ತುಸು ಹೊರಕ್ಕೆ ತಿರುಗಿಸಿ ನಿಂತವರು ಒಬ್ಬರು ಕಂಡರೆ ಅವರು ಫುಟ್ಬಾಲ್ ಅಸಿಸ್ಟೆಂಟ್ ಕೋಚ್.

ಚಿಕ್ಕಮಗಳೂರಿನಲ್ಲಿ ಇಂಥವರನ್ನು ಕಂಡಿದ್ದೇನೆ, ಕಳಸದಲ್ಲೂ ಕಂಡಿದ್ದೇನೆ. ನನ್ನ ಪಾಲಿಗೆ ಬಂದವರು ಮೂಡಿಗೆರೆ ಕಡೆಯವರು. ಹೆಸರು ಬೇಡ. ಹೇಳಿದರೂ ಊರಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ; ‘ಅಸಿಸ್ಟೆಂಟ್ರು’ ಅಂದರೆ ಮಾತ್ರ ಆಟೋದವನು ಮನೆ ಬಾಗಿಲಿಗೇ ತಂದು ಬಿಡುತ್ತಾನೆ. ಅವರ ಮನೆಗೆ ಫೋನ್ ಮಾಡಿದರೆ ಹೆಂಡತಿಯೂ “ಅಸಿಸ್ಟೆಂಟ್ರು ಸ್ನಾನಕ್ಕೆ ಹೋಗಿದಾರೆ” ಎನ್ನುತ್ತಾರೆ. ಆ ಮನೆಯಲ್ಲಿ ಹೆಡ್ ಯಾರೆಂಬುದು ಅಷ್ಟರಿಂದಲೇ ಸ್ಪಷ್ಟ.

ಮೈದಾನದಲ್ಲಿ ಹೆಡ್ ಯಾರು ಎಂಬುದು ಮಾತ್ರ ಸ್ಪಷ್ಟವಿಲ್ಲ. ಹೊಸಬರು ಪರಿಚಯವಾದಾಗ ಎರಡನೆಯ ಪ್ರಶ್ನೆ ಅದೇ: “ಓ, ಅಸಿಸ್ಟೆಂಟ್ ಕೋಚಾ? ಹಾಗಾದ್ರೆ ಹೆಡ್ ಕೋಚ್ ಯಾರು?” ಅಸಿಸ್ಟೆಂಟರು ಆಗ ಆಕಾಶ ನೋಡುತ್ತಾರೆ. ಇಪ್ಪತ್ತು ವರ್ಷಗಳಲ್ಲಿ ಅವರ ತಲೆಯ ಮೇಲೆ ಮೂರು ಹೆಡ್‌ಗಳು ಬಂದು ಹೋಗಿದ್ದಾರೆ. ಮೊದಲನೆಯವರು ಒಂದು ವಸತಿ ಶಾಲೆಯ ಆಡಳಿತದವರ ಭಾವಮೈದ. ಕ್ರಿಕೆಟ್ ಬಲ್ಲವರು, ಗೋಲ್‌ಕೀಪರನನ್ನು ಕಡೆಯವರೆಗೂ ‘ವಿಕೆಟ್ ಕೀಪರ್’ ಎಂದೇ ಕರೆದರು. ಎರಡನೆಯವರು ಸೈನ್ಯದಿಂದ ನಿವೃತ್ತರಾಗಿ ಬಂದವರು. ಹುಡುಗರಿಗೆ ಡ್ರಿಲ್ ಎಷ್ಟು ಚೆನ್ನಾಗಿ ಕಲಿಸಿದರೆಂದರೆ ಎದುರಾಳಿ ಗೋಲು ಹೊಡೆಯುವಾಗ ನಮ್ಮ ಡಿಫೆನ್ಸು ಸಾಲಾಗಿ, ಎದೆ ಮುಂದೆ ಮಾಡಿ ನಿಂತಿರುತ್ತಿತ್ತು. ಈಗಿನವನು ಇಪ್ಪತ್ತನಾಲ್ಕರ ಹುಡುಗ. ಬೂಟಿನ ಲೇಸು ಕಟ್ಟುವುದನ್ನು ಅಸಿಸ್ಟೆಂಟರಿಂದಲೇ ಕಲಿತು, ಬೆಂಗಳೂರಿಗೆ ಹೋಗಿ, ಲ್ಯಾಪ್‌ಟಾಪ್ ಹಿಡಿದು ಹೆಡ್ ಆಗಿ ವಾಪಸು ಬಂದಿದ್ದಾನೆ. ತಿಂಗಳಿಗೆ ಎರಡು ಸಲ ಬರುತ್ತಾನೆ. ಮಿಕ್ಕ ದಿನ ವಾಟ್ಸಾಪಿನಲ್ಲಿ ಬಾಣದ ಗುರುತುಗಳನ್ನು ಕಳಿಸುತ್ತಾನೆ. ಅಸಿಸ್ಟೆಂಟರು ಆ ಬಾಣಗಳನ್ನು ಕನ್ನಡಕ ಏರಿಸಿ ನೋಡಿ, ಫೋನು ಜೇಬಿಗಿಟ್ಟು, ಹುಡುಗರಿಗೆ “ಮೊನ್ನೆ ಆಡಿದ ಹಾಗೇ ಆಡಿ” ಅನ್ನುತ್ತಾರೆ.

ಅವರ ಜೀವನ ಚರಿತ್ರೆ ಅವರ ಬಾಯಲ್ಲಿ ಮೂರು ಗಂಟೆಯದು. ನಾನು ಚುಟುಕಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಅರ್ಧದಷ್ಟಕ್ಕೆ ನಾನೇ ಸಾಕ್ಷಿ. ನಾವಿಬ್ಬರೂ ಒಂದೇ ಶಾಲೆ. ಅವರು ಲೆಫ್ಟ್ ವಿಂಗ್, ನಾನು ಗೋಲಿ. ಓಡಲು ಬಾರದವನನ್ನು ಗೋಲಿಗೆ ನಿಲ್ಲಿಸುವುದು ಮಲೆನಾಡಿನ ಶಾಲೆಗಳ ಪದ್ಧತಿ. ನಿಲ್ಲಲೂ ಬಾರದವನನ್ನು ರೆಫ್ರಿ ಮಾಡುತ್ತಿದ್ದರು. ಒಂದು ಮ್ಯಾಚಿನಲ್ಲಿ ನನ್ನ ಕಾಲಡಿಯಿಂದ ಏಳು ಗೋಲು ಹೋಯಿತು. ಅಸಿಸ್ಟೆಂಟರು ಮೂವತ್ತು ವರ್ಷಗಳಿಂದ ಅದನ್ನು ಎಂಟು ಎಂದೇ ಹೇಳುತ್ತಾ ಬಂದಿದ್ದಾರೆ.

ಆಗ ಎಚ್‌ಎಎಲ್, ಐಟಿಐ ಎಂಬವು ಕಾರ್ಖಾನೆಗಳೆಂದು ನಮಗೆ ಆಮೇಲೆ ತಿಳಿಯಿತು. ಮೊದಲು ಗೊತ್ತಿದ್ದದ್ದು ಅವು ಫುಟ್ಬಾಲ್ ಟೀಮುಗಳೆಂದು. ಚೆನ್ನಾಗಿ ಆಡಿದರೆ ಆಟದ ಕೋಟಾದಲ್ಲಿ ಕೆಲಸ, ಕೆಲಸ ಸಿಕ್ಕಿದರೆ ಮದುವೆ. ಅಸಿಸ್ಟೆಂಟರು ಬೆಂಗಳೂರಿನ ಹಲಸೂರಿನಲ್ಲಿ ದೂರದ ನೆಂಟರ ಮನೆಯ ಜಗಲಿಯಲ್ಲಿ ಮಲಗಿ, ಹತ್ತಿರದ ಗೌತಮಪುರದ ಹುಡುಗರ ಜೊತೆ ಅಭ್ಯಾಸ ಮಾಡಿ, ಒಂದು ಇಲಾಖೆಯ ಟೀಮಿನ ಆಯ್ಕೆ ಪಂದ್ಯಕ್ಕೆ ಇಳಿದರು. ಅಲ್ಲಿ ಅವರ ಬಾಳಿನ ಗೋಲು ಬಿತ್ತು. ಲೈನ್ಸ್‌ಮನ್ ಬಾವುಟ ಎತ್ತಿದ. ಆಫ್‌ಸೈಡ್. ಆಮೇಲಿನ ವಾರದ ಪಂದ್ಯದಲ್ಲಿ ಮೊಣಕಾಲಿನ ಲಿಗಮೆಂಟು ಹರಿಯಿತು. ಊರಿಗೆ ಬಂದರು. ಹಂಗಾಮಿ ಪಿಟಿ ಮೇಷ್ಟ್ರು. ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನ ಆರು ವಾರದ ಸರ್ಟಿಫಿಕೇಟ್ ಕೋರ್ಸು. ಆಮೇಲೆ ಕೋಚಿಂಗ್ ಲೈಸೆನ್ಸುಗಳ ಏಣಿ. ಅದು ‘ಡಿ’ಯಿಂದ ಸಿ, ಬಿ, ಎ ಎಂದು ಹೋಗಿ ‘ಪ್ರೊ’ದಲ್ಲಿ ಮುಗಿಯುತ್ತದೆ. ಎಬಿಸಿಡಿಯನ್ನು ಐದನೇ ಕ್ಲಾಸಿನಲ್ಲಿ ಕಷ್ಟಪಟ್ಟು ಮುಂದಕ್ಕೆ ಕಲಿತವರಿಗೆ ಅದನ್ನು ಹಿಂದಕ್ಕೆ ಓದು ಅಂದರೆ ಹೇಗೆ? ಅಸಿಸ್ಟೆಂಟರು ಡಿ ಮುಗಿಸಿ ನಿಂತಿದ್ದಾರೆ. ಮೆಣಸಿಗೆ ಒಳ್ಳೆ ರೇಟು ಬಂದ ವರ್ಷ ಸಿ ಕಟ್ಟುತ್ತಾರಂತೆ. ರೇಟು ಬಂದ ವರ್ಷ ಬಳ್ಳಿಗೆ ಸೊರಗುರೋಗ ಬರುತ್ತದೆ, ಬಳ್ಳಿ ಚೆನ್ನಾಗಿದ್ದ ವರ್ಷ ರೇಟು ಇರುವುದಿಲ್ಲ.

ಅಸಿಸ್ಟೆಂಟ್ ಎಂಬ ಪದವಿಯ ಘನತೆಯ ಬಗ್ಗೆ ಅವರ ಹತ್ತಿರ ಒಂದು ಪುರಾಣವೇ ಇದೆ. ಇಂಗ್ಲೆಂಡಿನ ಬ್ರಯಾನ್ ಕ್ಲಫ್ ಎಂಬ ಮಹಾ ಮ್ಯಾನೇಜರನಿಗೆ ಪೀಟರ್ ಟೇಲರ್ ಎಂಬ ಅಸಿಸ್ಟೆಂಟ್ ಇದ್ದ. ಇಬ್ಬರೂ ಮಾಜಿ ಆಟಗಾರರು, ಒಂದೇ ಕ್ಲಬ್ಬಿನಲ್ಲಿ ಆಡಿದವರು. 1974ರಲ್ಲಿ ಕ್ಲಫ್ ಟೇಲರನ್ನು ಬಿಟ್ಟು ಒಬ್ಬನೇ ಲೀಡ್ಸ್‌ಗೆ ಹೋದ. 44 ದಿನಕ್ಕೆ ಹೊರಗೆ ಹಾಕಿದರು. ಮತ್ತೆ ಟೇಲರ್ ಜೊತೆಯಾದ ಮೇಲೆ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ 1979 ಮತ್ತು 1980ರಲ್ಲಿ ಸಾಲಾಗಿ ಎರಡು ಯುರೋಪಿಯನ್ ಕಪ್ ಬಂತು. ಈ ಕತೆಯನ್ನು ಅವರು ಕೊಟ್ಟಿಗೆಹಾರದ ಹೋಟೆಲಿನಲ್ಲಿ ನೀರುದೋಸೆ ಆರುವವರೆಗೆ ಹೇಳುತ್ತಾರೆ. ಒಂದು ಸಲ ಪಕ್ಕದ ಮೇಜಿನ ಹಿರಿಯರೊಬ್ಬರು ಎಲ್ಲವನ್ನೂ ಗಮನವಿಟ್ಟು ಕೇಳಿ, “ಹೌದು ಮಾರಾಯ್ರೆ, ಟೇಲರ್ ಸರಿಯಿಲ್ದೆ ಹೋದ್ರೆ ಕಷ್ಟವೇ. ನಮ್ ಹುಡುಗನ ಮದ್ವೆ ಕೋಟು ಇನ್ನೂ ಕೊಟ್ಟಿಲ್ಲ ಆ ಪುಣ್ಯಾತ್ಮ” ಎಂದರು. ಅಸಿಸ್ಟೆಂಟರು ಒಂದು ವಾರ ಆ ಹೋಟೆಲಿಗೆ ಕಾಲಿಡಲಿಲ್ಲ.

ಬೆಂಗಳೂರು ಎಫ್‌ಸಿಯನ್ನು ಅವರು ‘ನಾವು’ ಎನ್ನುತ್ತಾರೆ. “ನಾವು 2019ರಲ್ಲಿ ಐಎಸ್‌ಎಲ್ ಗೆದ್ದಾಗ ಕೋಚ್ ಯಾರು? ಕಾರ್ಲೆಸ್ ಕ್ವಾಡ್ರಾಟ್. ಅದಕ್ಕೆ ಮೊದ್ಲು ಏನಾಗಿದ್ದ? ಆಲ್ಬರ್ಟ್ ರೋಕಾ ಹತ್ರ ಅಸಿಸ್ಟೆಂಟು!” ಹಾಗೆಂದು ಕ್ವಾಡ್ರಾಟ್ ಅವರಿಗೆ ಅಷ್ಟು ಇಷ್ಟವಲ್ಲ. ಇಷ್ಟವಾದವರು ನೌಷಾದ್ ಮೂಸಾ. 2021ರ ಜನವರಿಯಲ್ಲಿ ಕ್ವಾಡ್ರಾಟ್ ಹೋದಾಗ ಅಸಿಸ್ಟೆಂಟ್ ಆಗಿದ್ದ ಮೂಸಾ ಹಂಗಾಮಿ ಹೆಡ್ ಆದರು. ಹೊಸ ಹೆಡ್ ಬಂದಮೇಲೆ ಸದ್ದಿಲ್ಲದೆ ಪಕ್ಕಕ್ಕೆ ಸರಿದರು. “ಮೇಲೆ ಹತ್ತಿ, ಇಳಿದು, ಅದೇ ಬೆಂಚಲ್ಲಿ ಮತ್ತೆ ಕೂತ್ಕೊಳ್ಳೋದು ಅಂದ್ರೆ ಸುಮ್ನೆ ಅಲ್ಲ” ಎನ್ನುವಾಗ ಅವರ ದನಿಯಲ್ಲಿ ದೇವಸ್ಥಾನದಲ್ಲಿ ಮಾತಾಡುವ ಮೆದುತನ ಬರುತ್ತದೆ.

ಆಟದ ಕಾನೂನಿನ ಪುಸ್ತಕದಲ್ಲಿ ಅಸಿಸ್ಟೆಂಟರಿಗೆ ಸಂಬಂಧಿಸಿದ ಭಾಗವಷ್ಟೇ ಅವರಿಗೆ ಬಾಯಿಪಾಠ. ಅಂಗಳದ ಅಂಚಿನ ಟೆಕ್ನಿಕಲ್ ಏರಿಯಾದಿಂದ ಒಂದು ಹೊತ್ತಿಗೆ ಒಬ್ಬರು ಮಾತ್ರ ಆಟದ ಸೂಚನೆ ಕೊಡಬಹುದೆಂದು ನಿಯಮ. ಹೆಡ್ ನಿಂತು ಕೂಗುತ್ತಿದ್ದರೆ ಇವರು ಬಾಯಿ ಮುಚ್ಚಿ ಕೂರಬೇಕು. ಇದು ಅವರಿಗೆ ಅನ್ಯಾಯವಾಗಿ ಕಾಣುತ್ತದೆ. ಆದರೆ ದೇವರು ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೆದಿದ್ದಾನೆ. ಬೆಂಚಿನಿಂದ ಯಾರೋ ರೆಫ್ರಿಗೆ ಬೈದು, ಬೈದವರು ಯಾರೆಂದು ರೆಫ್ರಿಗೆ ಗೊತ್ತಾಗದಿದ್ದರೆ, ಕಾರ್ಡು ಅಲ್ಲಿರುವ ಹಿರಿಯ ಕೋಚಿನ ತಲೆಗೆ ಬರುತ್ತದೆ. ಈ ನಿಯಮ ಬಂದಮೇಲೆ ನಮ್ಮ ಅಸಿಸ್ಟೆಂಟರು ನೀರಿನ ಕ್ಯಾನಿನ ಹಿಂದೆ ಬಗ್ಗಿ ಎಷ್ಟು ಹಳದಿ ಕಾರ್ಡುಗಳನ್ನು ಹೆಡ್‌ಗೆ ಕೊಡಿಸಿದ್ದಾರೆಂಬ ಲೆಕ್ಕ ನನ್ನ ಬಳಿ ಇದೆ. ಬರೆದರೆ ಸ್ನೇಹ ಉಳಿಯುವುದಿಲ್ಲ.

ಇಷ್ಟನ್ನೂ ಸಹಿಸಬಹುದು. ಸಹಿಸಲಾಗದ್ದು ಆ ಆಫ್‌ಸೈಡ್ ಗೋಲು.

ಅದನ್ನು ಬಾಯಲ್ಲಿ ಹೇಳಿದರೆ ಅವರಿಗೆ ತೃಪ್ತಿಯಿಲ್ಲ. ಕಣ್ಣಿಗೆ ತೋರಿಸಬೇಕು. ಹೋಟೆಲಿನಲ್ಲಿ ಉಪ್ಪಿನ ಡಬ್ಬಿ, ಚಮಚ, ಬಿಲ್ಲು ಚುಚ್ಚುವ ಮೊಳೆ ಎಲ್ಲವೂ ಆಟಗಾರರು. ಮದುವೆಯೂಟಕ್ಕೆ ಪಕ್ಕದಲ್ಲಿ ಕೂತರೆ ನನ್ನ ಎಲೆಯಲ್ಲಿ ಮೈದಾನ ತಯಾರಾಗುತ್ತದೆ. ಕೋಸಂಬರಿ ಮಿಡ್‌ಫೀಲ್ಡು, ಉಪ್ಪಿನಕಾಯಿ ಗೋಲಿ, ಹಪ್ಪಳ ಡಿಫೆನ್ಸು. ಹಪ್ಪಳ ಮುರಿದಲ್ಲಿ ಡಿಫೆನ್ಸು ಮುರಿಯಿತು ಎಂದು ಹೇಳಿ ಮುರಿದದ್ದನ್ನು ತಾವೇ ತಿನ್ನುತ್ತಾರೆ. ಆದರೆ ಇವೆಲ್ಲ ರಿಹರ್ಸಲ್. ನಿಜವಾದ ಪ್ರದರ್ಶನ ನಡೆದದ್ದು ನನ್ನ ಕಾಫಿ ಕಣದಲ್ಲಿ.

ಅದು ಫೆಬ್ರವರಿಯ ಮೊದಲ ವಾರ, ಕೊಯ್ಲಿನ ಬಾಲ. ಕಣದ ಒಂದು ಭಾಗದಲ್ಲಿ ಕೊನೆಯ ಅರೇಬಿಕಾ ಪಾರ್ಚ್‌ಮೆಂಟು, ಇನ್ನೊಂದು ಭಾಗದಲ್ಲಿ ರೋಬಸ್ಟಾ ಚೆರಿ, ಮೂಲೆಯಲ್ಲಿ ಟಾರ್ಪಾಲಿನ ಮೇಲೆ ಮೊದಲ ಕೊಯ್ಲಿನ ಕಾಳುಮೆಣಸು. ಕಾಫಿಯನ್ನು ಲೋಟದಲ್ಲಿ ಮಾತ್ರ ನೋಡಿದವರಿಗೆ ಹೇಳುತ್ತೇನೆ: ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು, ಒಣಗಿಸಿದ ಬೀಜ. ತಿಳಿಹಳದಿ ಬಣ್ಣ, ಮದುವಣಗಿತ್ತಿಯ ಹಾಗೆ. ಚೆರಿ ಅಂದರೆ ಹಣ್ಣನ್ನೇ ಇಡಿಯಾಗಿ ಒಣಗಿಸಿದ್ದು. ಕಪ್ಪಗೆ ಮುದುಡಿಕೊಂಡಿರುತ್ತದೆ, ನನ್ನ ಹಾಗೆ. ಎರಡನ್ನೂ ಬೆರೆಸಿದವನನ್ನು ಕಾಫಿ ವ್ಯಾಪಾರಿ ಮೆಟ್ಟಿಲು ಹತ್ತಿಸುವುದಿಲ್ಲ.

ಅಸಿಸ್ಟೆಂಟರು ಪಂಪು ವಾಪಸು ಕೊಡಲು ಬಂದಿದ್ದರು. ಮರ್ಯಾದೆಗೆ ಕೇಳಬಾರದ್ದನ್ನು ಕೇಳಿದೆ: “ನಿನ್ನೆ ಮ್ಯಾಚ್ ಏನಾಯ್ತು?” ಸೋತಿದ್ದರು. ಯಾಕೆ ಸೋತರೆಂಬುದನ್ನು ವಿವರಿಸಲು ನಿನ್ನೆಯಿಂದ ಹಿಂದಕ್ಕೆ ಹೊರಟು, ಎರಡು ನಿಮಿಷದಲ್ಲಿ ಬೆಂಗಳೂರಿನ ಆಯ್ಕೆ ಪಂದ್ಯಕ್ಕೆ ತಲುಪಿದರು. ಕಾಫಿ ಕೈಯಾಡಿಸುವ ಗೋರುಹಲಗೆ ಅಲ್ಲೇ ಒರಗಿಸಿತ್ತು. ಅದನ್ನೆತ್ತಿ ನನ್ನ ಪಾರ್ಚ್‌ಮೆಂಟಿನ ಮೇಲೆ ಗೆರೆ ಎಳೆದರು. ಟಚ್‌ಲೈನು, ಪೆನಾಲ್ಟಿ ಬಾಕ್ಸು, ನಡುವೆ ವೃತ್ತ. ಚೆನ್ನಾಗಿಯೇ ಎಳೆದರು. ಹತ್ತು ಹಿಡಿ ರೋಬಸ್ಟಾ ಚೆರಿ ತಂದು ಎದುರಾಳಿ ಟೀಮನ್ನು ಹರಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ನಾಲ್ಕು ಡಿಫೆಂಡರು ಜಾಗದಲ್ಲಿದ್ದರು.

“ನಮ್ ಟೀಮಿಗೆ ಏನ್ ಇಡಣ?” ಎಂದು ಸುತ್ತ ನೋಡಿದರು. ಪಾರ್ಚ್‌ಮೆಂಟಿನ ಮೇಲೆ ಪಾರ್ಚ್‌ಮೆಂಟು ಇಟ್ಟರೆ ಕಾಣುವುದಿಲ್ಲ. ಅವರ ಕಣ್ಣು ಟಾರ್ಪಾಲಿನ ಮೇಲೆ ಬಿತ್ತು.

“ಬೇಡ ಮಾರಾಯ, ಅದು ಮೆಣಸು.”

“ಅದಕ್ಕೇ. ನಮ್ ಟೀಮು ಖಾರ.”

ಹನ್ನೊಂದು ಹಿಡಿ ಮೆಣಸು. ನಾನು ಕಾಫಿ ಕುಡಿದಿಟ್ಟ ಲೋಟವನ್ನು ಎದುರಿನ ಗೋಲಿನಲ್ಲಿಟ್ಟು, “ಇದು ನೀನು ಅಂತ ಇಟ್ಕೊ. ನಿನ್ ಹಾಗೇ, ಅಲ್ಲಾಡಲ್ಲ” ಎಂದರು. ಆಮೇಲೆ ಶುರುವಾಯಿತು ಪಾಠ. 1925ರವರೆಗೆ ಮುಂದಿರುವ ಆಟಗಾರನಿಗೂ ಗೋಲುಗೆರೆಗೂ ನಡುವೆ ಎದುರಾಳಿಗಳು ಮೂವರು ಇರಬೇಕಿತ್ತು. ಆ ವರ್ಷ ಅದನ್ನು ಇಬ್ಬರಿಗೆ ಇಳಿಸಿದರು. ಕೊನೆಯಿಂದ ಎರಡನೆಯ ಎದುರಾಳಿಗೆ ಸಮಸಮವಾಗಿ ನಿಂತವನು ಆಫ್‌ಸೈಡ್ ಅಲ್ಲ ಎಂದು 1990ರಲ್ಲಿ ತಿದ್ದಿದರು. “ನನ್ ಗೋಲು ಆಗಿದ್ದು 1994. ನಾನು ಸಮಸಮ ಇದ್ದೆ. ಆ ಲೈನ್ಸ್‌ಮನ್ನಿಗೆ 1990 ಆಗಿರೋದೇ ಗೊತ್ತಿರ್ಲಿಲ್ಲ ಮಾರಾಯ!”

ಒಬ್ಬ ಮನುಷ್ಯನ ಕೆಲಸ, ಪಿಂಚಣಿ, ಬೆಂಗಳೂರಿನ ಒಂದು ಮನೆ ಎಲ್ಲವೂ ನಾಲ್ಕು ವರ್ಷ ಹಳೆಯದಾದ ಒಂದು ತಿದ್ದುಪಡಿಯಲ್ಲಿ ಸಿಕ್ಕಿಕೊಂಡದ್ದನ್ನು ಕೇಳಿ ನನಗೂ ಮರುಕ ಬಂತು. ಬರಬಾರದಿತ್ತು. “ಸಮಸಮ ಹೌದೋ ಅಲ್ವೋ ಬಗ್ಗಿ ನೋಡು” ಎಂದು ನನ್ನನ್ನು ಕಣದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿಸಿದರು. ಗಲ್ಲ ನೆಲಕ್ಕೆ ಹಚ್ಚಿ, ಒಂದು ಕಣ್ಣು ಮುಚ್ಚಿ, ಚೆರಿಯ ಗುಡ್ಡೆಗೂ ಮೆಣಸಿನ ಗುಡ್ಡೆಗೂ ಗೆರೆ ಹಿಡಿದೆ. ಕೆಲಸದ ಹೆಂಗಸರು ಬುಟ್ಟಿ ಇಳಿಸಿ ಸುತ್ತ ನಿಂತರು. ಯಜಮಾನರಿಗೆ ಏನೋ ಆಗಿದೆ ಎಂದುಕೊಂಡ ಒಬ್ಬಳು ನೀರು ತಂದಳು. ನಲವತ್ತು ವರ್ಷದಿಂದ ಕಾಫಿಯಲ್ಲಿ ಕಲ್ಲು ಆರಿಸಿಕೊಂಡು ಬಂದ ಹಿರಿಯಳೊಬ್ಬಳು ಇದ್ದಾಳೆ, ಅವಳ ಕಣ್ಣಿಗೆ ಬಿದ್ದದ್ದು ತಪ್ಪುವುದಿಲ್ಲ. ಅವಳು ನಿಂತಲ್ಲಿಂದಲೇ ನೋಡಿ ಹೇಳಿದಳು:

“ಅಯ್ಯ, ನಿಮ್ ಮೆಣ್ಸು ಮುಂದೈತಲ್ಲ.”

ಅಸಿಸ್ಟೆಂಟರು ಮಾತಾಡಲಿಲ್ಲ. ಗೋರುಹಲಗೆಯನ್ನು ಊರಿಕೊಂಡು ನಿಂತರು. ಆಮೇಲೆ, ಒಂದು ಕಾಳು ಉರುಳಿದೆ, ಗಾಳಿಗೆ ಉರುಳಿದೆ ಎಂದರು. ಕಣದಲ್ಲಿ ಎಲೆಯೂ ಅಲ್ಲಾಡುತ್ತಿರಲಿಲ್ಲ. ಉರುಳಿದ ಕಾಳನ್ನು ಹಿಂದಕ್ಕೆ ಇಟ್ಟು, ಗೋಲು ಹೇಗೆ ಹೊಡೆದದ್ದೆಂದು ತೋರಿಸಲು ಎಡಗಾಲು ಬೀಸಿದರು. ಮೂವತ್ತು ವರ್ಷದ ಸಿಟ್ಟೆಲ್ಲ ಆ ಕಾಲಿನಲ್ಲಿತ್ತು. ಲೋಟ ಕಣ ದಾಟಿ ಹೂವಿನ ಕುಂಡಕ್ಕೆ ಬಡಿಯಿತು. ಅದರ ಹಿಂದೆಯೇ ಎದುರಾಳಿಯ ಇಡೀ ಡಿಫೆನ್ಸು, ನಮ್ಮ ಫಾರ್ವರ್ಡ್ ಲೈನು, ಮೈದಾನದ ಕಾಲುಭಾಗ.

ಹೆಂಗಸರು ಒಂದೂವರೆ ದಿನ ಆರಿಸಿದರು. ಆದರೂ ಸ್ಯಾಂಪಲ್ ನೋಡಿದ ವ್ಯಾಪಾರಿ ಅಂಗೈಯಲ್ಲಿ ಎರಡು ಕಾಳು ಹಿಡಿದು, “ಏನ್ ಸಾರ್, ಮಸಾಲೆ ಕಾಫಿನಾ?” ಎಂದು ಚೀಲಕ್ಕೆ ಇಷ್ಟು ಎಂದು ಮುರಿದುಕೊಂಡ. ನ್ಯಾಯವಾಗಿ ಒಂದು ಮಾತು ಹೇಳಬೇಕು. ಆ ದಿನ ಅಷ್ಟು ಗೆರೆ ಎಳೆದು ತಿರುವಿ ಹಾಕಿದ್ದರಿಂದ ಪಾರ್ಚ್‌ಮೆಂಟು ಒಂದೇ ಹದಕ್ಕೆ ಒಣಗಿತ್ತು.

ಇಷ್ಟಾದ ಮೇಲೂ ಆ ಮನುಷ್ಯನಿಗೆ ನನ್ನ ಗದ್ದೆ ಬಿಟ್ಟುಕೊಟ್ಟಿದ್ದೇನೆ ಅಂದರೆ ನನ್ನ ಬುದ್ಧಿ ಎಷ್ಟೆಂದು ಓದುಗರೇ ಅಳೆಯಬಹುದು. ಮಲೆನಾಡಿನಲ್ಲಿ ಸಮತಟ್ಟು ಜಾಗ ಇರುವುದು ಎರಡೇ ಕಡೆ, ಕಣ ಮತ್ತು ಗದ್ದೆ. ಕಣದ ಗತಿ ಹೇಳಿದೆ. ಗದ್ದೆ ಆಳು ಸಿಗದೆ ಬೀಳುಬಿದ್ದಿತ್ತು. ಮಳೆಗಾಲದಲ್ಲಿ ಅದು ಕೆಸರುಗದ್ದೆ ಫುಟ್ಬಾಲಿಗೆ ತಾನಾಗಿಯೇ ಹದವಾಗುತ್ತದೆ. ಆ ಆಟದಲ್ಲಿ ಹತ್ತು ನಿಮಿಷವಾದ ಮೇಲೆ ಎರಡು ಟೀಮಿನವರೂ ಒಂದೇ ಬಣ್ಣ. ಪಾಸು ಕೊಟ್ಟದ್ದು ಯಾರಿಗೆಂದು ಸ್ನಾನವಾದ ಮೇಲೆ ಗೊತ್ತಾಗುತ್ತದೆ. ಹಾಫ್‌ಟೈಮಿನಲ್ಲಿ ಅಸಿಸ್ಟೆಂಟರು ಒಂದು ಕೈಯಲ್ಲಿ ಕಿತ್ತಳೆ ತೊಳೆ, ಇನ್ನೊಂದು ಕೈಯಲ್ಲಿ ಸುಣ್ಣದ ಡಬ್ಬಿ ಹಿಡಿದು ಬರುತ್ತಾರೆ. ತೊಳೆ ಹುಡುಗರಿಗೆ, ಸುಣ್ಣ ಇಂಬಳಕ್ಕೆ. ರಾತ್ರಿ ಕಾಡಾನೆ ದಾಟಿಹೋದರೆ ಬೆಳಿಗ್ಗೆ ಗದ್ದೆಯಲ್ಲಿ ಬೋಗುಣಿಯಂಥ ಗುಂಡಿಗಳು. ಅವರು ಅದನ್ನೂ ಬಿಡುವುದಿಲ್ಲ, ಹುಡುಗರನ್ನು ಆ ಗುಂಡಿಗಳ ನಡುವೆ ಡ್ರಿಬಲ್ ಮಾಡಿಸುತ್ತಾರೆ. ಕೋನ್ ಕೊಳ್ಳುವ ದುಡ್ಡು ಉಳಿಯಿತು ಎನ್ನುತ್ತಾರೆ.

ತೊಂದರೆ ಇರುವುದು ಹಳ್ಳದ್ದು. ಗದ್ದೆಯ ಕೆಳಗೆ ಹರಿಯುವ ಹಳ್ಳ ಹೇಮಾವತಿಗೆ ಸೇರುತ್ತದೆ. ಜಾವಳಿಯಲ್ಲಿ ಹುಟ್ಟಿದ ಆ ನದಿ ಗೊರೂರಿನ ಅಣೆಕಟ್ಟಿಗೆ ಹೋಗಿ, ಅಲ್ಲಿಂದ ಕಾವೇರಿ. ಕಳಸದಲ್ಲಿ ಚೆಂಡು ತಪ್ಪಿದರೆ ಭದ್ರಾ ಹಿಡಿದು ಲಕ್ಕವಳ್ಳಿಗೆ. ಚಾರ್ಮಾಡಿ ಕಡೆ ತಪ್ಪಿದರೆ ನೇತ್ರಾವತಿಯ ದಾರಿಯಲ್ಲಿ ನೇರ ಅರಬ್ಬೀ ಸಮುದ್ರ. ನಮ್ಮ ಜಿಲ್ಲೆಯಲ್ಲಿ ಒಂದು ಕಾರ್ನರ್ ಕಿಕ್ ಎಡವಟ್ಟಾದರೆ ಅದು ಯಾವ ಕಡಲಿಗೆ ಸೇರುತ್ತದೆಂದು ಮೊದಲೇ ತಿಳಿದಿರಬೇಕು. ಬಲೆಯಲ್ಲಿ ಹನ್ನೊಂದಿದ್ದ ಚೆಂಡು ಎರಡು ಮಳೆಗಾಲದಲ್ಲಿ ಆರಾಗಿದೆ. ಉಳಿದ ಐದೂ ಗೊರೂರಿನಲ್ಲಿ ಲೀಗ್ ಆಡುತ್ತಿವೆ ಎಂದು ನಾನು ಅಂದೆ. ಅವರು ನಗಲಿಲ್ಲ. ಚೆಂಡಿನ ದುಡ್ಡು ಅವರ ಕೈಯದು.

ಪೀಪಿಯ ತಂಟೆ ಬೇರೆ. ನನ್ನ ತೋಟದಲ್ಲಿ ಕೆಲಸ ಬಿಡುವ ಹೊತ್ತಿಗೆ ರೈಟರ್ ಪೀಪಿ ಊದುವುದು ಅಪ್ಪನ ಕಾಲದಿಂದ ನಡೆದು ಬಂದದ್ದು. ಅಭ್ಯಾಸ ಶುರುವಾದ ಮೊದಲ ವಾರ ಗದ್ದೆಯಲ್ಲಿ ಅಸಿಸ್ಟೆಂಟರು ಮೂರು ಗಂಟೆಗೆ ಫೌಲು ಊದಿದರು. ತೋಟದೊಳಗೆ ಕೊಯ್ಯುತ್ತಿದ್ದವರೆಲ್ಲ ಚೀಲ ಹೊತ್ತು ತೂಕಕ್ಕೆ ಬಂದು ನಿಂತರು. ಊದಿದ್ದು ಫೌಲಿಗೆ ಎಂದರೆ ಯಾರು ಕೇಳುತ್ತಾರೆ? ಒಂದೂವರೆ ಗಂಟೆ ಕೆಲಸ ಹೋಯಿತು. ಅಂದು ನಾನು ಆಡಬಾರದ ಮಾತು ಆಡಿದೆ. ಜವಾಬ್ದಾರಿ ಇಲ್ಲದವನು, ಅದಕ್ಕೇ ಯಾವತ್ತೂ ಹೆಡ್ ಆಗಲಿಲ್ಲ ಎಂದೆ. ಅವರು ಪೀಪಿಯನ್ನು ಜೇಬಿಗಿಟ್ಟು, “ಹೆಡ್ಡನ್ನು ಸೋತ ಮಾರನೇ ದಿನ ಕಳಿಸ್ತಾರೆ ಮಾರಾಯ. ಹುಡುಗ್ರ ಹತ್ರ ಯಾರಾದ್ರೂ ಉಳ್ಕೋಬೇಕಲ್ಲ” ಎಂದರು. ಆಮೇಲೆ ಚಪ್ಪಾಳೆ ತಟ್ಟಿ ಅಭ್ಯಾಸ ನಡೆಸಿದರು, ಒಂದು ತಿಂಗಳು.

ಕೊಯ್ಲಿಗೆ ಈಗ ಅಸ್ಸಾಮಿನವರು ಬರುತ್ತಾರೆ. ಮೂರು ವರ್ಷದ ಹಿಂದೆ ಅವರೊಳಗೆ ಒಬ್ಬ ಹುಡುಗ ಇದ್ದ. ಹಗಲೆಲ್ಲ ಹಣ್ಣು ಕೊಯ್ದು ಸಂಜೆ ಬರಿಗಾಲಲ್ಲಿ ಗದ್ದೆಗಿಳಿಯುತ್ತಿದ್ದ. ಎಡಗಾಲಿನವನು. ಅವನು ಚೆಂಡನ್ನು ಎದೆಯಿಂದ ಇಳಿಸಿಕೊಂಡದ್ದನ್ನು ಮೊದಲ ಸಲ ಕಂಡಾಗ ಅಸಿಸ್ಟೆಂಟರು ಯಾರಿಗೂ ಏನೂ ವಿವರಿಸದೆ ಅರ್ಧ ಗಂಟೆ ಸುಮ್ಮನಿದ್ದರು. ಅವರ ಬಾಳಿನಲ್ಲಿ ಅದೊಂದು ದಾಖಲೆ. ಬರಿಗಾಲಿನ ಮಾತು ಬಂದರೆ ಅವರಿಗೆ 1948ರ ಲಂಡನ್ ಒಲಿಂಪಿಕ್ಸ್ ನೆನಪಾಗಲೇಬೇಕು. ಹೆಚ್ಚಿನವರು ಬರಿಗಾಲಲ್ಲೇ ಆಡಿದ ಭಾರತ ಎರಡು ಪೆನಾಲ್ಟಿ ಕೈಚೆಲ್ಲಿ ಫ್ರಾನ್ಸಿಗೆ 1-2ರಿಂದ ಸೋತಿತು. ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಆದರೂ ಹುಡುಗನಿಗೆ ಚಿಕ್ಕಮಗಳೂರಿನಿಂದ ಬೂಟು ತಂದುಕೊಟ್ಟರು. ಮಾರ್ಚಿನಲ್ಲಿ ಹೂಮಳೆ ಬಿತ್ತು, ಕೊಯ್ಲಿನ ಗುಂಪು ರೈಲು ಹತ್ತಿತು. ಕಳೆದುಹೋದೀತೆಂದೋ ಏನೋ, ಹುಡುಗ ಬೂಟನ್ನು ಇವರ ಜಗಲಿಯ ಮೊಳೆಗೆ ನೇತುಹಾಕಿ ಹೋದ. ಅದು ಅಲ್ಲೇ ಇದೆ. ವರ್ಷಕ್ಕೊಮ್ಮೆ ಎಣ್ಣೆ ಬೀಳುತ್ತದೆ. ಪ್ರತಿ ನವೆಂಬರಿನಲ್ಲಿ ಕೊಯ್ಲಿನವರ ಜೀಪು ಬಂದಾಗ ಅಸಿಸ್ಟೆಂಟರಿಗೆ ಆ ದಾರಿಯಲ್ಲೇ ಏನೋ ಕೆಲಸವಿರುತ್ತದೆ.

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಹಿಂದಿನ ಸಲ ಗೆದ್ದದ್ದು 1968-69ರಲ್ಲಿ, ಆಗ ನಾವಿನ್ನೂ ಮೈಸೂರು ರಾಜ್ಯ. 54 ವರ್ಷ! ಮಾರನೇ ದಿನ ಅಸಿಸ್ಟೆಂಟರು ಮೂಡಿಗೆರೆಗೆ ಬರುವ ಎಲ್ಲ ಪತ್ರಿಕೆಗಳನ್ನೂ ಕೊಂಡು ನಮ್ಮ ಮನೆಗೆ ಬಂದರು. ಗೋಲು ಹೊಡೆದವರ ಹೆಸರು, ಕೋಚ್ ರವಿಬಾಬು ರಾಜು ಅವರ ಹೆಸರು ಎಲ್ಲದಕ್ಕೂ ಕೆಂಪು ಗೆರೆ ಎಳೆದಾಯಿತು. ಆಮೇಲೂ ಪುಟ ತಿರುವುತ್ತಲೇ ಇದ್ದರು. ಏನು ಹುಡುಕುತ್ತಿದ್ದಾರೆಂದು ನನಗೆ ಗೊತ್ತಾದದ್ದು ತಡವಾಗಿ. ಆ ಟೀಮಿನ ಅಸಿಸ್ಟೆಂಟ್ ಕೋಚಿನ ಹೆಸರು ಅವರ ಕೈಯಲ್ಲಿದ್ದ ಯಾವ ಪತ್ರಿಕೆಯಲ್ಲೂ ಸಿಗಲಿಲ್ಲ. ಪೇಪರು ಮಡಿಚಿ, “ಪ್ರಿಂಟು ಸರಿ ಇಲ್ಲ” ಎಂದರು.

ಅದಕ್ಕೆ ಕೆಲವು ತಿಂಗಳ ಮೊದಲು ವಿಶ್ವಕಪ್ಪು ನಮ್ಮ ಕೊಯ್ಲಿನ ಕಾಲಕ್ಕೇ ಬಂದಿತ್ತು. ಕರೆಂಟು ಹೋದರೂ ನಮ್ಮಲ್ಲಿ ಇನ್ವರ್ಟರ್ ಇರುವುದರಿಂದ ಅಸಿಸ್ಟೆಂಟರು ಹಾಸಿಗೆ ಸಮೇತ ಬಂದಿದ್ದರು. ನವೆಂಬರ್ 26ರ ನಡುರಾತ್ರಿ ಹನ್ನೆರಡೂವರೆಗೆ ಅರ್ಜೆಂಟೀನಾ, ಮೆಕ್ಸಿಕೊ. ಮೊದಲ ಪಂದ್ಯದಲ್ಲಿ ಸೌದಿ ಅರೇಬಿಯಾಕ್ಕೆ ಸೋತಿದ್ದ ಅರ್ಜೆಂಟೀನಾ ಇದನ್ನೂ ಸೋತರೆ ಮನೆಗೆ. 64ನೇ ನಿಮಿಷದಲ್ಲಿ ಮೆಸ್ಸಿ ಪೆನಾಲ್ಟಿ ಬಾಕ್ಸಿನ ಹೊರಗಿನಿಂದ ನೆಲಕ್ಕಂಟಿಸಿ ಹೊಡೆದ. ನಾನು ಕೂಗಿದೆ. ನಾಯಿ ಬೊಗಳಿತು. ಟಿವಿಯವರು ಬೆಂಚಿನ ಕಡೆ ತೋರಿಸಿದರು. ಹೆಡ್ ಕೋಚ್ ಸ್ಕಲೋನಿಯ ಪಕ್ಕದಲ್ಲಿ ಒಬ್ಬ ಗುಂಗುರು ಕೂದಲಿನವನು ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅಳುತ್ತಿದ್ದ.

“ಪಾಬ್ಲೊ ಐಮಾರ್” ಎಂದರು ಅಸಿಸ್ಟೆಂಟರು. “ಮೆಸ್ಸಿ ಹುಡುಗ ಆಗಿದ್ದಾಗ ಅವನಿಗೆ ದೇವ್ರು ಇವನು. ಈಗ ಅಸಿಸ್ಟೆಂಟು.”

ಇಷ್ಟು ಹೇಳಿ ಲೋಟ ತೊಳೆಯುವ ನೆಪ ಮಾಡಿ ಹೊರಗೆ ಹೋದರು. ನಲ್ಲಿಯ ಸದ್ದು ಬಹಳ ಹೊತ್ತು ಕೇಳಿತು. ಒಂದು ಲೋಟ ತೊಳೆಯಲು ಅಷ್ಟು ನೀರು ಬೇಡ. ವಾಪಸು ಬಂದವರು ಮೆಕ್ಸಿಕೊದವರ ಆಫ್‌ಸೈಡ್ ಗೆರೆಯ ದೋಷ ವಿವರಿಸಲು ನನ್ನ ಚೆಸ್ ಬೋರ್ಡು ಕೇಳಿದರು. ಕೊಟ್ಟೆ. ಆ ಡಿಸೆಂಬರಿನಲ್ಲಿ ಸ್ಕಲೋನಿ ಕಪ್ ಎತ್ತಿದಾಗ, ಅವನೂ 2018ರಲ್ಲಿ ಅಸಿಸ್ಟೆಂಟೇ ಆಗಿದ್ದನೆಂದು ನಾನೇ ಮೊದಲು ಹೇಳಿದೆ. ಅವರಿಗೆ ಆದ ಖುಷಿಗೆ ನನ್ನ ಆನೆ, ಕುದುರೆ ಎರಡೂ ಸೋಫಾದಡಿ ಹೋದವು. ಇನ್ನೂ ಸಿಕ್ಕಿಲ್ಲ.

ಹೋದ ಸೆಪ್ಟೆಂಬರಿನ ಒಂದು ದಿನ. ಬೆಳಗಿನಿಂದ ಜಿನುಗುಮಳೆ. ತೋಟದಲ್ಲಿ ಕಳೆ ಹೊಡೆಯುತ್ತಿದ್ದರು. ಕೆಲಸ ನೋಡಲು ಕೊಡೆ ಹಿಡಿದು ಹೊರಟವನು ಗದ್ದೆಯ ಬದುವಿನಲ್ಲಿ ನಿಂತೆ. ನಿಲ್ಲಬೇಕೆಂದೇನೂ ಇರಲಿಲ್ಲ. ಅಸಿಸ್ಟೆಂಟರು ಹುಡುಗರಿಗೆ ಕ್ರಾಸ್ ಮಾಡುವುದನ್ನು ಹೇಳಿಕೊಡುತ್ತಿದ್ದರು. ಹೊಸದಾಗಿ ಸೇರಿದ ಚಿಕ್ಕವನೊಬ್ಬ ಬೀಸಿ ಒದ್ದ. ಚೆಂಡು ಗೋಲು ದಾಟಿ, ಬೇಲಿ ದಾಟಿ, ಹಳ್ಳದ ಕಡೆ ಇಳಿಯಿತು. ಹುಡುಗರು ಓಡಲು ಹೊರಟರು. ಅಸಿಸ್ಟೆಂಟರು ತಡೆದರು, ನೀರು ಜೋರಿತ್ತು. ಕೊರಳಿನ ಪೀಪಿ ತೆಗೆದು ನನ್ನ ಕೈಗಿಟ್ಟು, “ಐದ್ ನಿಮಿಷ ಆಡಿಸ್ತಿರು” ಎಂದು, ಪ್ಯಾಂಟು ಮಡಿಚಿ, ಆ ಮೊಣಕಾಲನ್ನು ಹೊರಕ್ಕೆ ತಿರುಗಿಸಿ, ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಾ ಕೇದಿಗೆ ಪೊದೆಯ ಮರೆಗೆ ಹೋದರು.

ನಾನು ಕೊಡೆಯಡಿ ನಿಂತಿದ್ದೆ. ಬಟ್ಟೆಗೆ ಒಂದು ಹನಿ ಕೆಸರಿಲ್ಲ. ಚೆಂಡು ಒದ್ದ ಹೊಸ ಹುಡುಗ ಮೆಲ್ಲಗೆ ಹತ್ತಿರ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಸಾರ್, ಹೆಡ್ ಕೋಚ್ ನೀವೇನಾ?”

ಹಳ್ಳದ ಕಡೆ ನೋಡಿದೆ. ಪೊದೆ ಅಲ್ಲಾಡುತ್ತಿತ್ತು, ಮನುಷ್ಯ ಕಾಣುತ್ತಿರಲಿಲ್ಲ. ಹೌದು ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಏನಾದರೂ ಮಾಡಬೇಕಲ್ಲ ಎಂದು ಪೀಪಿ ಬಾಯಿಗಿಟ್ಟು ಜೋರಾಗಿ ಊದಿದೆ.

ಮೇಲೆ ತೋಟದಲ್ಲಿ ಕತ್ತಿಯ ಸದ್ದು ನಿಂತಿತು.